ಸೊಂಟದ ಮೂಳೆ ಮುರಿದ ಹಿರಿಯರಿಗೆ ಬೆಡ್‌ಸೋರ್ ಆಗದಂತೆ: ಏರ್‌ಬೆಡ್ಡೋ, ಫೋಮೋ, ಹಿಮ್ಮಡಿ ಬೂಟೋ?

ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರೆ ಮನೆಯವರು ಮೊದಲು ಕೇಳುವುದು ಆಪರೇಷನ್ ಯಾವಾಗ ಅಂತ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಮಲಗಿದಲ್ಲೇ ಮಲಗಿ ಒತ್ತಡದಿಂದ ಆಗುವ ಹುಣ್ಣು, ಅಂದರೆ ಬೆಡ್‌ಸೋರ್, ತಡೆಯಲು ಏರ್‌ಬೆಡ್ ತರಿಸಬೇಕಾ? ಒಬ್ಬರು ಕೂಡಲೇ ತರಿಸಿ ಅನ್ನುತ್ತಾರೆ. ಇನ್ನೊಬ್ಬರು ಒಳ್ಳೆ ಫೋಮ್ ಹಾಸಿಗೆ ಸಾಕು ಅನ್ನುತ್ತಾರೆ. ಮತ್ತೊಬ್ಬರು ಹಿಮ್ಮಡಿಗೆ ಹಾಕುವ ಬೂಟ್, ಬೆನ್ನ ಕೆಳಗೆ ಅಂಟಿಸುವ ಡ್ರೆಸ್ಸಿಂಗ್ ಅಂತ ಪಟ್ಟಿ ಕೊಡುತ್ತಾರೆ. ಎಲ್ಲವನ್ನೂ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಕೊಂಡರೂ ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದುಂಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ಹಾಸಿಗೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಮುರಿದ ಕಾಲಿನ ಹಿಮ್ಮಡಿಯನ್ನು ಮರೆಯುತ್ತಾರೆ. ಕೈಯಲ್ಲಿರುವ ದುಡ್ಡು, ಸಮಯ ಎರಡೂ ಕಡಿಮೆ ಇದ್ದರೆ ಮೊದಲು ಹಿಮ್ಮಡಿ, ಆಮೇಲೆ ಮಗ್ಗುಲು ಬದಲಿಸುವ ವ್ಯವಸ್ಥೆ, ಅದಾದ ಮೇಲೆ ಹಾಸಿಗೆ. ಯಾಕೆ ಅಂತ ಮುಂದೆ ನೋಡೋಣ.

ಸೊಂಟ ಮುರಿದವರ ವಿಷಯ ಯಾಕೆ ಬೇರೆ?

ಒಳಗಿನಿಂದ ಮೂಳೆ ಒತ್ತುತ್ತದೆ, ಹೊರಗಿನಿಂದ ಹಾಸಿಗೆ ಒತ್ತುತ್ತದೆ. ನಡುವೆ ಸಿಕ್ಕಿದ ಚರ್ಮ, ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಆರೋಗ್ಯವಾಗಿರುವವರು ನಿದ್ದೆಯಲ್ಲೇ ಹೊರಳಿ ಬಿಡುತ್ತಾರೆ. ಸೊಂಟ ಮುರಿದವರಿಗೆ ಹೊರಳಿದರೇ ಪ್ರಾಣ ಹೋಗುವಷ್ಟು ನೋವು. ಹಾಗಾಗಿ ಅಂಗಾತ ಮಲಗಿದವರು ಗಂಟೆಗಟ್ಟಲೆ ಹಾಗೇ ಇರುತ್ತಾರೆ. ಮುರಿದ ಕಾಲು ಹೊರಕ್ಕೆ ತಿರುಗಿ ಬಿದ್ದಿರುತ್ತದೆ, ಅದರ ಹಿಮ್ಮಡಿ ಹಾಸಿಗೆಗೆ ಕಚ್ಚಿಕೊಂಡಿರುತ್ತದೆ. ಹುಣ್ಣು ಹೆಚ್ಚಾಗಿ ಆಗುವುದು ಎರಡು ಜಾಗದಲ್ಲಿ: ಬೆನ್ನಿನ ಕೆಳತುದಿಯ ಬಾಲಮೂಳೆಯ ಭಾಗ ಮತ್ತು ಹಿಮ್ಮಡಿ. ಹಿಮ್ಮಡಿಯ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲ ಅನ್ನಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಳಗಿನ ಮಾಂಸಕ್ಕೆ ಆದ ಪೆಟ್ಟು ಹೊರಗೆ ಕಾಣಿಸಲು ಎರಡು ಮೂರು ದಿನ ಹಿಡಿಯುತ್ತದೆ. ಬಿದ್ದ ಜಾಗದಲ್ಲಿ ನೆಲದ ಮೇಲೆ ಕಳೆದ ಹೊತ್ತು, ತುರ್ತು ವಿಭಾಗದ ಗಟ್ಟಿ ಟ್ರಾಲಿ, ಎಕ್ಸ್‌ರೇ ಟೇಬಲ್, ಆಪರೇಷನ್ ಟೇಬಲ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾಲ್ಕನೇ ದಿನ ವಾರ್ಡಿನಲ್ಲಿ ನೇರಳೆ ಬಣ್ಣದ ಕಲೆ ಕಂಡಾಗ ಎಲ್ಲರೂ ಹಾಸಿಗೆಯನ್ನು ಬೈಯುತ್ತಾರೆ. ಪೆಟ್ಟು ಮೊದಲ ದಿನವೇ ಆಗಿರಬಹುದು. ಆದ್ದರಿಂದ ಯಾವ ಆಯ್ಕೆಯಾದರೂ ಮೊದಲ ದಿನದಿಂದಲೇ ಶುರುವಾಗಬೇಕು.

ಯಾವ ಅಳತೆಯಲ್ಲಿ ತೂಗಬೇಕು

ಒಂದೊಂದು ವಸ್ತುವನ್ನು ನೋಡುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ.

ಅದು ಯಾವ ಜಾಗವನ್ನು ಕಾಯುತ್ತದೆ? ಬಾಲಮೂಳೆಯನ್ನು ಕಾಯುವುದೆಲ್ಲ ಹಿಮ್ಮಡಿಯನ್ನೂ ಕಾಯುತ್ತದೆ ಅಂತಿಲ್ಲ.

ರೋಗಿ ತಾನಾಗಿಯೇ ಸ್ವಲ್ಪವಾದರೂ ಅಲುಗಾಡಬಲ್ಲರೇ? ಮರೆವಿನ ಕಾಯಿಲೆ, ಆಪರೇಷನ್ ನಂತರದ ಗೊಂದಲ, ಜಾಸ್ತಿ ನಿದ್ದೆ ಬರಿಸುವ ಔಷಧಿ ಇದ್ದರೆ ಉತ್ತರ ಬಹುತೇಕ ಇಲ್ಲ.

ಎದ್ದು ಕೂರಲು, ನಿಲ್ಲಲು ಅದು ಅಡ್ಡಿಯಾಗುತ್ತದೆಯೇ? ಇದು ಸಣ್ಣ ಮಾತಲ್ಲ. ಸೊಂಟ ಮುರಿದವರಿಗೆ ಬೆಡ್‌ಸೋರ್ ತಡೆಯುವ ದೊಡ್ಡ ಮದ್ದು ಅಂದರೆ ಬೇಗ ಆಪರೇಷನ್ ಮಾಡಿಸಿಕೊಂಡು ಬೇಗ ಏಳುವುದು. ಆಸ್ಪತ್ರೆಗೆ ಸೇರಿದ ದಿನ ಅಥವಾ ಮಾರನೇ ದಿನ ಆಪರೇಷನ್ ಆಗಬೇಕು, ಆಪರೇಷನ್ ಆದ ಮಾರನೇ ದಿನವೇ ಫಿಸಿಯೋಥೆರಪಿಸ್ಟ್ ಎಬ್ಬಿಸಲು ಶುರು ಮಾಡಬೇಕು ಅನ್ನುತ್ತದೆ, ಚಿಕಿತ್ಸೆ ಹೇಗಿರಬೇಕು ಅಂತ ತಿಳಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ.

ಕೊನೆಗೆ, ನೋಡಿಕೊಳ್ಳಲು ಎಷ್ಟು ಕೈಗಳಿವೆ, ಮುಖ್ಯವಾಗಿ ರಾತ್ರಿ? ದುಡ್ಡು ಎಷ್ಟು, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ?

ಅಪಾಯ ಎಷ್ಟಿದೆ ಅಂತ ಅಳೆಯಲು ನರ್ಸ್‌ಗಳ ಬಳಿ ಅಂಕದ ಪಟ್ಟಿಗಳಿವೆ. 1962ರ ನಾರ್ಟನ್, 1985ರ ವಾಟರ್‌ಲೋ, 1987ರ ಬ್ರೇಡನ್ ಹೆಚ್ಚು ಬಳಕೆಯಲ್ಲಿವೆ. ಓದುವಾಗ ಒಂದು ಎಚ್ಚರ ಬೇಕು. ಬ್ರೇಡನ್‌ನಲ್ಲಿ 6ರಿಂದ 23ರವರೆಗೆ ಅಂಕ, ಕಡಿಮೆ ಬಂದಷ್ಟೂ ಅಪಾಯ ಜಾಸ್ತಿ, 18 ಅಥವಾ ಅದಕ್ಕಿಂತ ಕೆಳಗಿದ್ದರೆ ಅಪಾಯ ಇದೆ ಅಂತ ಲೆಕ್ಕ. ವಾಟರ್‌ಲೋ ಇದಕ್ಕೆ ತಿರುಗುಮುರುಗು: 10 ಮುಟ್ಟಿದರೆ ಅಪಾಯ, 20 ಮುಟ್ಟಿದರೆ ತುಂಬಾ ಅಪಾಯ. ಅಂಕ ಚೆನ್ನಾಗಿದೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಬಿದ್ದ ದಿನ ಬೆಳಗ್ಗೆ ಓಡಾಡಿಕೊಂಡಿದ್ದವರು ಸಂಜೆ ಹೊತ್ತಿಗೆ ಅಲುಗಾಡಲಾಗದ ಸ್ಥಿತಿಯಲ್ಲಿರುತ್ತಾರೆ. ಹಳೆಯ ಅಂಕಕ್ಕೆ ಆಗ ಬೆಲೆಯಿಲ್ಲ, ಮತ್ತೆ ಅಳೆಯಿರಿ ಅಂತ ಕೇಳಬೇಕು.

ಹಾಸಿಗೆಗಳು

ಹಳೆಯ, ತೆಳುವಾದ, ನಡುವೆ ಕುಸಿದ ಮಾಮೂಲಿ ಹಾಸಿಗೆಯನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಅದರ ಮೇಲೆ ಎಷ್ಟು ಮಗ್ಗುಲು ಬದಲಿಸಿದರೂ ಅಷ್ಟಕ್ಕಷ್ಟೆ.

ಆಮೇಲೆ ಬರುವುದು ಒಳ್ಳೆ ದರ್ಜೆಯ ಫೋಮ್. ಇದನ್ನು ಬೇರೆ ಬೇರೆ ಮೃದುತನದ ಪದರಗಳನ್ನು ಸೇರಿಸಿ ಮಾಡಿರುತ್ತಾರೆ. ಮೈ ಅದರಲ್ಲಿ ಸ್ವಲ್ಪ ಮುಳುಗುತ್ತದೆ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಕರೆಂಟ್ ಬೇಡ, ಸದ್ದಿಲ್ಲ, ಅಂಚು ಗಟ್ಟಿ ಇರುವುದರಿಂದ ಎದ್ದು ಕೂರುವುದು ಸುಲಭ. ಬೆಲೆ ನಡುಮಟ್ಟದ್ದು, ವರ್ಷಗಟ್ಟಲೆ ಬಾಳುತ್ತದೆ. ಕೊರತೆ ಅಂದರೆ ಬಿಸಿ ಹಿಡಿಯುತ್ತದೆ, ಬೆವರುವವರಿಗೆ ಕಿರಿಕಿರಿ. ಮತ್ತೆ, ಮಗ್ಗುಲು ಬದಲಿಸುವ ಕೆಲಸದಿಂದ ಬಿಡುಗಡೆ ಕೊಡುವುದಿಲ್ಲ.

ಪಂಪ್ ಇರುವ ಏರ್‌ಬೆಡ್‌ನಲ್ಲಿ ಕೋಶಗಳು ಕೆಲವು ನಿಮಿಷಕ್ಕೊಮ್ಮೆ ಸರದಿಯ ಮೇಲೆ ಉಬ್ಬುತ್ತವೆ, ಇಳಿಯುತ್ತವೆ. ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ. ಕೇಳಲು ತುಂಬಾ ಚೆನ್ನಾಗಿದೆ, ಅಲ್ವಾ? ಆದರೆ ಫೋಮ್‌ಗಿಂತ ಬಹಳ ಮೇಲೆ ಅನ್ನುವ ನಂಬಿಕೆ ಪರೀಕ್ಷೆಯಲ್ಲಿ ಅಷ್ಟಾಗಿ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ನಡೆದ ಪ್ರೆಶರ್ 2 ಅನ್ನುವ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಪಾಯ ಜಾಸ್ತಿ ಇರುವ 2,029 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಏರ್‌ಬೆಡ್, ಇನ್ನೊಂದಕ್ಕೆ ಒಳ್ಳೆ ಫೋಮ್ ಕೊಟ್ಟರು. ಚರ್ಮ ಒಡೆಯುವ ಮಟ್ಟದ ಹೊಸ ಹುಣ್ಣು ಏರ್‌ಬೆಡ್‌ನವರಲ್ಲಿ 6.9% ಮಂದಿಗೆ, ಫೋಮ್‌ನವರಲ್ಲಿ 8.9% ಮಂದಿಗೆ ಆಯಿತು. ಏರ್‌ಬೆಡ್ ಕಡೆಗೆ ಸ್ವಲ್ಪ ವಾಲಿದರೂ, ಒಟ್ಟಾರೆ ಇದೇ ಮೇಲು ಅಂತ ಖಚಿತವಾಗಿ ಹೇಳುವಷ್ಟು ಅಂತರ ಸಿಗಲಿಲ್ಲ.

ಸೊಂಟ ಮುರಿದವರಿಗೆ ಏರ್‌ಬೆಡ್ ತರುವ ತಾಪತ್ರಯವೂ ಇದೆ. ಕೋಶಗಳು ಮೆತ್ತಗಿರುವುದರಿಂದ ಕೈಯೂರಿ ಏಳಲು ಹಿಡಿತ ಸಿಗುವುದಿಲ್ಲ. ಅಂಚಿನಲ್ಲಿ ಕೂರಿಸಿದರೆ ಜಾರುವ ಭಯ. ತಾನಾಗಿ ಸ್ವಲ್ಪ ಹೊರಳುತ್ತಿದ್ದವರೂ ಅದರ ಮೇಲೆ ಹೊರಳುವುದು ಬಿಟ್ಟುಬಿಡಬಹುದು. ಹಾಸಿಗೆ ಅಲುಗಿದಂತೆ ಮುರಿದ ಜಾಗ ನೋಯುತ್ತದೆ ಅಂತ ಕೆಲವರು ಗೋಳಾಡುತ್ತಾರೆ. ಪಂಪಿನ ಗುಂಯ್ ಅನ್ನುವ ಸದ್ದು ಗೊಂದಲದಲ್ಲಿರುವ ವೃದ್ಧರ ನಿದ್ದೆ ಕೆಡಿಸುತ್ತದೆ. ಕರೆಂಟ್ ಹೋದರೆ, ಪೈಪ್ ಮಡಚಿಕೊಂಡರೆ ಗಾಳಿ ಇಳಿದು ರೋಗಿ ಕೆಳಗಿನ ಹಲಗೆಗೆ ತಾಗಿಕೊಂಡಿರುತ್ತಾರೆ. ಹಾಗಾಗಿ ಏರ್‌ಬೆಡ್ ಹಾಕಿದರೆ ಮೂರು ಕೆಲಸ ತಪ್ಪಿಸಬೇಡಿ. ಪಂಪ್‌ನಲ್ಲಿ ರೋಗಿಯ ತೂಕಕ್ಕೆ ಸರಿಯಾದ ಗುರುತು ಇಡಿ. ಬಾಲಮೂಳೆಯ ನೇರಕ್ಕೆ ಹಾಸಿಗೆಯ ಅಡಿಯಲ್ಲಿ ಅಂಗೈ ತೂರಿಸಿ, ರೋಗಿಯ ಮೈ ಕೈಗೆ ತಾಗುತ್ತಿದೆಯೇ ಅಂತ ಆಗಾಗ ನೋಡಿ. ಮೇಲೆ ಒಂದು ತೆಳು ಶೀಟ್ ಬಿಟ್ಟು ಕಂಬಳಿ, ರಬ್ಬರ್ ಶೀಟ್, ಎರಡು ಮೂರು ಪ್ಯಾಡ್ ಅಂತ ಪೇರಿಸಬೇಡಿ. ಪೇರಿಸಿದರೆ ಕೋಶಗಳ ಕೆಲಸ ಮೈಗೆ ತಲುಪುವುದೇ ಇಲ್ಲ.

ಇದೇ ಏರ್‌ಬೆಡ್‌ನಲ್ಲಿ ಎರಡು ಬಗೆ ಇದೆ. ಇರುವ ಹಾಸಿಗೆಯ ಮೇಲೆ ಹಾಸುವಂಥದ್ದು, ಹಾಸಿಗೆಯನ್ನೇ ತೆಗೆದು ಅದರ ಜಾಗದಲ್ಲಿ ಇಡುವಂಥದ್ದು. ಎರಡನೆಯದು ತುಂಬಾ ದುಬಾರಿ. 2006ರಲ್ಲಿ ಪ್ರಕಟವಾದ ಮೊದಲ ಪ್ರೆಶರ್ ಅಧ್ಯಯನ ಈ ಎರಡನ್ನೇ ಹೋಲಿಸಿತ್ತು. ಹುಣ್ಣಾದವರು ಒಂದರಲ್ಲಿ 10.7%, ಇನ್ನೊಂದರಲ್ಲಿ 10.3%. ಅಂದರೆ ಹುಣ್ಣು ತಡೆಯುವ ಮಟ್ಟಿಗೆ ಅಗ್ಗದ್ದೂ ಅಷ್ಟೇ. ಮೇಲೆ ಹಾಸುವುದರಿಂದ ಮಂಚದ ಎತ್ತರ ಹೆಚ್ಚುತ್ತದೆ, ಪಕ್ಕದ ಕಂಬಿಗಳು ಗಿಡ್ಡವಾಗುತ್ತವೆ. ಗೊಂದಲದಲ್ಲಿ ಇಳಿಯಲು ಹೋಗುವವರಿದ್ದರೆ ಇದನ್ನು ಯೋಚಿಸಬೇಕು.

ಪಂಪ್ ಇಲ್ಲದೆ ಒಮ್ಮೆ ಗಾಳಿ ತುಂಬಿ ಬಿಡುವ ಏರ್ ಹಾಸಿಗೆಯನ್ನು ಜನ ಕೀಳಾಗಿ ನೋಡುತ್ತಾರೆ. ಬೆಲ್ಜಿಯಂನ ವೃದ್ಧಾಶ್ರಮಗಳಲ್ಲಿ 308 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೆದ್ದದ್ದು ಇದೇ. ಹುಣ್ಣಾದವರು ಇದರ ಮೇಲೆ 5.2%, ಪಂಪಿನದರ ಮೇಲೆ 11.7%. ಅವರು ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದವರಲ್ಲ, ಅದು ನೆನಪಿರಲಿ. ಆದರೂ ಮೋಟಾರ್ ಇದ್ದರೇ ಒಳ್ಳೆಯದು ಅನ್ನುವವರಿಗೆ ಇದೊಂದು ಉತ್ತರ. ಕರೆಂಟ್ ನೆಚ್ಚಿಕೊಳ್ಳಲಾಗದ ಕಡೆ ನಾನು ಇದನ್ನೇ ಮೊದಲು ನೋಡುತ್ತೇನೆ.

ವಾಟರ್ ಬೆಡ್ ಭಾರ, ತಣ್ಣಗಿರುತ್ತದೆ, ಅದರ ಮೇಲಿಂದ ರೋಗಿಯನ್ನು ಎಬ್ಬಿಸುವುದು ಹರಸಾಹಸ. ಬೇಗ ಏಳಬೇಕಾದ ಈ ರೋಗಿಗಳಿಗೆ ಬೇಡ.

ಹಿಮ್ಮಡಿ: ದಿಂಬೋ, ಬೂಟೋ?

ಯಾವ ಹಾಸಿಗೆಯಾದರೂ ಹಿಮ್ಮಡಿಯ ಒತ್ತಡವನ್ನು ಪೂರ್ತಿ ತೆಗೆಯುವುದಿಲ್ಲ. ಅದನ್ನು ಹಾಸಿಗೆಯಿಂದ ಮೇಲೆತ್ತುವುದೊಂದೇ ದಾರಿ. ಎತ್ತಲು ಎರಡು ಆಯ್ಕೆ.

ಮೊದಲನೆಯದು ದಿಂಬು. ಮೀನಖಂಡದ ಉದ್ದಕ್ಕೂ, ಮಂಡಿಯ ಕೆಳಗಿನಿಂದ ಕಣಕಾಲಿನ ಮೇಲಿನವರೆಗೆ ದಿಂಬು ಇಡಬೇಕು. ಹಿಮ್ಮಡಿ ಗಾಳಿಯಲ್ಲಿ ನಿಂತಿರಬೇಕು. ಹಾಸಿಗೆಗೂ ಹಿಮ್ಮಡಿಗೂ ನಡುವೆ ಒಂದು ಹಾಳೆ ಸಲೀಸಾಗಿ ಹೋಗಿಬರಬೇಕು. ಮಂಡಿ ಒಂಚೂರು ಮಡಚಿರಲಿ, ತೀರಾ ನೇರ ಬೇಡ. ಕಣಕಾಲಿನ ಹಿಂದೆ ಹುರಿಯಂತಿರುವ ಸ್ನಾಯುರಜ್ಜುವಿನ ಮೇಲೆ ಮಾತ್ರ ಭಾರ ಬಿದ್ದರೆ ಅಲ್ಲೇ ಹುಣ್ಣಾಗುತ್ತದೆ, ಅದಕ್ಕೇ ಸಣ್ಣ ದಿಂಬನ್ನು ಅಡ್ಡಲಾಗಿ ಇಡಬಾರದು. ಖರ್ಚಿಲ್ಲ, ಈಗಲೇ ಮಾಡಬಹುದು. ತೊಂದರೆ ಒಂದೇ: ದಿಂಬು ಜಾರುತ್ತದೆ. ಅಲುಗಾಡದೆ ಮಲಗಿ, ಹೇಳಿದ್ದು ಕೇಳುವ ರೋಗಿಗೆ ಇದು ಸಾಕು. ಕಾಲು ಒದರುವವರಿಗೆ ಗಂಟೆಯೊಳಗೆ ದಿಂಬು ಮಂಚದ ಕೆಳಗಿರುತ್ತದೆ.

ಎರಡನೆಯದು ಹಿಮ್ಮಡಿಯನ್ನು ತೂಗಿಸಿ ಹಿಡಿಯುವ ಫೋಮ್ ಬೂಟ್. ಕಾಲು ಎತ್ತ ತಿರುಗಿದರೂ ಜೊತೆಗೇ ಬರುತ್ತದೆ. ಸೊಂಟ ಮುರಿದವರ ಮೇಲೆಯೇ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೂಟ್ ಹಾಕಿದವರಲ್ಲಿ ಹುಣ್ಣಾದದ್ದು 7% ಮಂದಿಗೆ, ಮಾಮೂಲಿ ಆರೈಕೆಯವರಲ್ಲಿ 26%. ಹಾಸಿಗೆಗಳ ಅಧ್ಯಯನಗಳಲ್ಲಿ ಇಷ್ಟು ಅಂತರ ಕಾಣುವುದು ಅಪರೂಪ. ಹಿಮ್ಮಡಿ ಮೊದಲು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬೂಟಿಗೂ ಕಿರಿಕಿರಿಗಳಿವೆ. ಸೆಕೆಯಾಗುತ್ತದೆ, ನಿದ್ದೆಗೆ ತೊಂದರೆ ಅನ್ನುವವರಿದ್ದಾರೆ. ಪಟ್ಟಿ ಬಿಗಿಯಾದರೆ ಅದೇ ಗಾಯ ಮಾಡುತ್ತದೆ. ದಿನಕ್ಕೆ ಎರಡು ಸಲವಾದರೂ ಬಿಚ್ಚಿ ಚರ್ಮ ನೋಡಬೇಕು. ಕಾಲು ಹೊರಕ್ಕೆ ವಾಲಿದಾಗ ಮಂಡಿಯ ಹೊರಬದಿಯ ಕೆಳಗೆ ಒತ್ತಿದರೆ ಅಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದಂತೆ ಆಗಬಹುದು, ಅದನ್ನೂ ಗಮನಿಸಿ. ಬೂಟ್ ಹಾಕಿಕೊಂಡು ನಡೆಯಲು ಬಿಟ್ಟರೆ ಇನ್ನೊಂದು ಸೊಂಟವೂ ಮುರಿಯಬಹುದು.

ಬರೀ ಮುರಿದ ಕಾಲಿಗಲ್ಲ, ಎರಡೂ ಕಾಲಿಗೆ ಬೇಕಾ? ಹೌದು. ಮೇಲೆ ಸರಿಯುವಾಗ ರೋಗಿ ಒಳ್ಳೆ ಕಾಲಿನ ಹಿಮ್ಮಡಿಯನ್ನೇ ಊರಿ ತಳ್ಳುತ್ತಾರೆ, ಅಲ್ಲಿ ಚರ್ಮ ಉಜ್ಜಿಹೋಗುತ್ತದೆ. ಒಂದೇ ಬೂಟ್ ಕೊಳ್ಳುವಷ್ಟು ದುಡ್ಡಿದ್ದರೆ ಮುರಿದ ಕಾಲಿಗೆ ಬೂಟ್, ಇನ್ನೊಂದಕ್ಕೆ ದಿಂಬು.

ಆಪರೇಷನ್‌ಗೆ ಮೊದಲು ಕಾಲಿಗೆ ತೂಕ ಕಟ್ಟುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಸೊಂಟದ ಮುರಿತದಲ್ಲಿ ಅದರಿಂದ ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕಾಲು ಮಾತ್ರ ಅಲುಗಾಡದಂತೆ ಕಟ್ಟಿಹಾಕಿದ ಹಾಗಾಗುತ್ತದೆ. ಕಟ್ಟಿದ್ದರೆ ಯಾಕೆ ಅಂತ ಡಾಕ್ಟರನ್ನು ಕೇಳಿ, ಹಿಮ್ಮಡಿಯನ್ನು ಇನ್ನೂ ಹತ್ತಿರದಿಂದ ನೋಡಿ. ನೋವಿಗೆ ತೊಡೆಸಂದಿನ ಹತ್ತಿರ ಕೊಡುವ ನರದ ಇಂಜೆಕ್ಷನ್ ಇದಕ್ಕಿಂತ ಉಪಕಾರಿ. ನೋವು ಇಳಿದರೆ ಮಗ್ಗುಲು ಬದಲಿಸಲು ರೋಗಿ ಒಪ್ಪುತ್ತಾರೆ.

ಬೆನ್ನ ಕೆಳಗಿನ ಡ್ರೆಸ್ಸಿಂಗ್

ಗಾಯವಿಲ್ಲದ ಚರ್ಮಕ್ಕೆ ಮೊದಲೇ ಡ್ರೆಸ್ಸಿಂಗ್ ಅಂಟಿಸುವುದು ವಿಚಿತ್ರ ಅನ್ನಿಸಬಹುದು. ಹಲವು ಪದರದ, ಸಿಲಿಕೋನ್ ಅಂಟಿರುವ ಫೋಮ್ ಡ್ರೆಸ್ಸಿಂಗ್, ಮೈ ಜಾರುವಾಗ ಚರ್ಮಕ್ಕೆ ಆಗುವ ಎಳೆತವನ್ನು ತಾನು ತೆಗೆದುಕೊಳ್ಳುತ್ತದೆ, ಚರ್ಮದ ತೇವವನ್ನೂ ಹತೋಟಿಯಲ್ಲಿಡುತ್ತದೆ. ಇಟಲಿಯಲ್ಲಿ ಸೊಂಟ ಮುರಿದ 359 ಹಿರಿಯರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಡ್ರೆಸ್ಸಿಂಗ್ ಇದ್ದವರಲ್ಲಿ 4.5%, ಇಲ್ಲದವರಲ್ಲಿ 15.4% ಮಂದಿಗೆ ಬಾಲಮೂಳೆಯ ಮೇಲೆ ಹುಣ್ಣಾಯಿತು. ಒಂದೊಂದರ ಬೆಲೆ ಕೈ ಕಚ್ಚುತ್ತದೆ, ಆದರೆ ಕೆಲವು ದಿನ ಹಾಗೇ ಇರುತ್ತದೆ. ಅಂಚು ಎತ್ತಿ ದಿನವೂ ಒಳಗೆ ನೋಡಿ ಮತ್ತೆ ಅಂಟಿಸಬಹುದು. ಭೇದಿಯಾಗುತ್ತಿದ್ದರೆ ಮಾತ್ರ ಪದೇ ಪದೇ ಬದಲಿಸಬೇಕಾಗಿ ಲೆಕ್ಕ ತಪ್ಪುತ್ತದೆ. ಏರ್‌ಬೆಡ್ ಬಾಡಿಗೆಗೂ ಇದಕ್ಕೂ ನಡುವೆ ಒಂದನ್ನೇ ಆರಿಸಬೇಕು ಅಂದರೆ, ಫೋಮ್ ಹಾಸಿಗೆ ಈಗಾಗಲೇ ಇರುವವರಿಗೆ ನಾನು ಡ್ರೆಸ್ಸಿಂಗ್ ಅನ್ನುತ್ತೇನೆ.

ಮಗ್ಗುಲು: ಎಷ್ಟು ಗಂಟೆಗೊಮ್ಮೆ, ಎಷ್ಟು ವಾಲಿಸಿ?

ಎರಡು ಗಂಟೆಗೊಮ್ಮೆ ಅನ್ನುವುದು ಹಳೆಯ ಪಾಠ. ಒಳ್ಳೆ ಫೋಮ್ ಮೇಲೆ ಮಲಗಿದ್ದ ವೃದ್ಧಾಶ್ರಮದವರಲ್ಲಿ ಎರಡು, ಮೂರು, ನಾಲ್ಕು ಗಂಟೆಯ ಅಂತರಗಳನ್ನು ಹೋಲಿಸಿದ 2013ರ ಅಧ್ಯಯನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸೊಂಟ ಮುರಿದ ಮೊದಲ ದಿನಗಳಿಗೆ ಇದನ್ನು ಹಾಗೇ ಅನ್ವಯಿಸಬೇಡಿ. ಆಗ ಎರಡು ಗಂಟೆಯೇ ಇರಲಿ. ಚರ್ಮ ಚೆನ್ನಾಗಿದ್ದು ರೋಗಿ ಚೇತರಿಸಿಕೊಂಡ ಮೇಲೆ, ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ರಾತ್ರಿ ಮೂರು ನಾಲ್ಕು ಗಂಟೆಗೆ ಹಿಗ್ಗಿಸಬಹುದೇ ಅಂತ ನರ್ಸ್ ಹತ್ತಿರ ಕೇಳಿ. ನೋಡಿಕೊಳ್ಳುವವರು ನಿದ್ದೆಗೆಟ್ಟು ಕುಸಿದರೆ ಯಾವ ವೇಳಾಪಟ್ಟಿಯೂ ಉಳಿಯುವುದಿಲ್ಲ.

ವಾಲಿಸುವುದು ಎಷ್ಟು? ಪೂರ್ತಿ ಮಗ್ಗುಲಾದರೆ ತೊಡೆಯ ಪಕ್ಕದ ಮೂಳೆಯ ಮೇಲೆ, ಅಂದರೆ ಆಪರೇಷನ್ ಆದ ಕಡೆಯೇ ಭಾರ ಬೀಳಬಹುದು. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಬಾಲಮೂಳೆಯೂ ಬಿಡುಗಡೆ, ತೊಡೆಯ ಮೂಳೆಯೂ ಬಿಡುಗಡೆ. ನೋವೂ ಕಡಿಮೆ. ಕೃತಕ ಕೀಲು ಹಾಕಿದ್ದರೆ ಕಾಲುಗಳ ನಡುವೆ ದಿಂಬು ಬೇಕು, ಯಾವ ಮಗ್ಗುಲು ಬೇಡ ಅಂತ ಸರ್ಜನ್ ಹೇಳಿದ್ದನ್ನು ಮೀರಬೇಡಿ. ಮಂಚದ ತಲೆಭಾಗವನ್ನು 30 ಡಿಗ್ರಿಗಿಂತ ಎತ್ತರಕ್ಕೆ ಏರಿಸಿ ಹೊತ್ತುಗಟ್ಟಲೆ ಬಿಟ್ಟರೆ ಮೈ ಕೆಳಗೆ ಜಾರುತ್ತದೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಮೂಳೆ ಮಾತ್ರ ಸರಿಯುತ್ತದೆ. ಆ ಎಳೆತವೇ ಒಳಗಿನ ರಕ್ತನಾಳಗಳನ್ನು ಹರಿದುಹಾಕುತ್ತದೆ. ಮೇಲೆ ಸರಿಸುವಾಗ ಕಂಕುಳಲ್ಲಿ ಹಿಡಿದು ಎಳೆಯಬೇಡಿ, ಇಬ್ಬರು ಶೀಟ್ ಹಿಡಿದು ಎತ್ತಿ.

ದುಡ್ಡು ಹಾಕಬಾರದ್ದು

ನಡುವೆ ತೂತಿರುವ ಟ್ಯೂಬ್ ದಿಂಬು ಬೇಡ, ಸುತ್ತಲಿನ ಚರ್ಮದ ರಕ್ತ ನಿಲ್ಲಿಸುತ್ತದೆ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್ ಬೇಡ. ಕೃತಕ ಕುರಿಚರ್ಮ ಬೇಡ. ಕೆಂಪಾದ ಜಾಗವನ್ನು ತಿಕ್ಕಿ ಮಸಾಜ್ ಮಾಡಿದರೆ ಒಳಗಿನ ಪೆಟ್ಟು ಹೆಚ್ಚುತ್ತದೆ. ಇದನ್ನೆಲ್ಲ ಬಿಟ್ಟು, ಮೂತ್ರ ಸೋರುವವರಿಗೆ ತೇವ ತಡೆಯುವ ಕ್ರೀಮ್ ಮತ್ತು ಸಾಕಷ್ಟು ಪ್ರೋಟೀನ್ ಇರುವ ಊಟಕ್ಕೆ ಖರ್ಚು ಮಾಡಿ. ಹುಣ್ಣಾಗಿ ಮೈಯೂ ಸೊರಗಿದವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಅಂತ 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಮಾತೇ ಅಂತಿಮ.

ಯಾರಿಗೆ ಯಾವುದು

ಬೀಳುವ ಮೊದಲು ಚೆನ್ನಾಗಿ ಓಡಾಡುತ್ತಿದ್ದವರು, ಬುದ್ಧಿ ಸ್ಥಿರವಾಗಿದೆ, ಒಂದೆರಡು ದಿನದಲ್ಲಿ ಆಪರೇಷನ್ ಆಗಿ ಏಳುತ್ತಾರೆ ಅಂದರೆ ಒಳ್ಳೆ ಫೋಮ್, ಮೀನಖಂಡದ ಕೆಳಗೆ ದಿಂಬು, ಸರಿಯಾದ ನೋವಿನ ಔಷಧಿ. ಏರ್‌ಬೆಡ್ ಇವರನ್ನು ಮಂಚಕ್ಕೇ ಕಟ್ಟಿಹಾಕುವ ಸಾಧ್ಯತೆ ಜಾಸ್ತಿ.

ಸೊರಗಿದ ಮೈ, ಮರೆವು ಅಥವಾ ಗೊಂದಲ, ಮೂತ್ರ ಸೋರುತ್ತದೆ ಅನ್ನುವವರಿಗೆ ಫೋಮ್ ಜೊತೆ ಹಿಮ್ಮಡಿ ಬೂಟ್ ಮತ್ತು ಬಾಲಮೂಳೆಯ ಡ್ರೆಸ್ಸಿಂಗ್. ದುಡ್ಡಿದ್ದರೆ ಏರ್‌ಬೆಡ್ ಸೇರಿಸಿ.

ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾದವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು ದಿಂಬನ್ನು ನಂಬಬೇಡಿ. ಬೂಟ್ ಎರಡೂ ಕಾಲಿಗೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಬಿಗಿ ಕಾಲುಚೀಲ ಇವರಿಗೆ ಸರಿಯೇ ಅಂತ ಡಾಕ್ಟರನ್ನು ಕೇಳಿಯೇ ಹಾಕಿಸಿ.

ಬೇರೆ ಕಾಯಿಲೆಗಳಿಂದ ಆಪರೇಷನ್ ಆಗುವ ಹಾಗೇ ಇಲ್ಲ, ವಾರಗಟ್ಟಲೆ ಮಲಗಿರಬೇಕು ಅಂದರೆ ಏರ್‌ಬೆಡ್‌ಗೆ ನಿಜವಾದ ಜಾಗ ಇಲ್ಲಿದೆ. ಈಗಾಗಲೇ ಆಳದ ಹುಣ್ಣಾಗಿದ್ದರೂ ಅಷ್ಟೆ. ಕೊಳ್ಳುವುದಕ್ಕಿಂತ ಬಾಡಿಗೆಗೆ ಸಿಕ್ಕರೆ ಮೊದಲು ಬಾಡಿಗೆಗೇ ತನ್ನಿ, ಒಗ್ಗುತ್ತದೋ ಇಲ್ಲವೋ ಎರಡು ರಾತ್ರಿಯಲ್ಲಿ ಗೊತ್ತಾಗುತ್ತದೆ.

ಆರಿಸಿದ್ದು ಸರಿಯೇ ಅಂತ ತಿಳಿಯುವುದು ಚರ್ಮ ನೋಡಿ. ಪ್ರತಿ ಸಲ ಮಗ್ಗುಲು ಬದಲಿಸುವಾಗ ಬಾಲಮೂಳೆ, ಎರಡೂ ಹಿಮ್ಮಡಿ, ಕಣಕಾಲಿನ ಗಂಟು ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಕೆಲವು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗೇ ಇದ್ದರೆ ಅದು ಮೊದಲ ಹಂತದ ಹುಣ್ಣು. ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಕಾಣದೇ ಇರಬಹುದು. ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ನೋಯುತ್ತದೆಯೇ ಅಂತ ಮುಟ್ಟಿ ನೋಡಬೇಕು. ಹಿಮ್ಮಡಿಯಲ್ಲಿ ಹೀಗಾದರೆ ದಿಂಬಿನಿಂದ ಬೂಟಿಗೆ ಹೋಗಿ. ಬಾಲಮೂಳೆಯಲ್ಲಾದರೆ ಮಗ್ಗುಲಿನ ಅಂತರ ಕಡಿಮೆ ಮಾಡಿ, ಅದಕ್ಕೂ ಮಣಿಯದಿದ್ದರೆ ಫೋಮ್‌ನಿಂದ ಏರ್‌ಬೆಡ್‌ಗೆ.

ವಾಕರ್ ಹಿಡಿದು ನಡೆಯಲು ಶುರು ಮಾಡಿ, ರಾತ್ರಿ ತಾವೇ ಹೊರಳುತ್ತಾರೆ ಅಂದಾಗ ಏರ್‌ಬೆಡ್ ವಾಪಸ್ ಕೊಟ್ಟು ಫೋಮ್‌ಗೆ ಇಳಿಯಬಹುದು. ಆದರೆ ಆಗ ಹೊತ್ತು ಕಳೆಯುವುದು ಕುರ್ಚಿಯಲ್ಲಿ, ಕೂತಾಗ ಭಾರವೆಲ್ಲ ಕುಂಡಿಯ ಸಣ್ಣ ಜಾಗದ ಮೇಲೆ. ಉಳಿದ ದುಡ್ಡಿನಲ್ಲಿ ಒಳ್ಳೆ ಫೋಮ್ ಕುಶನ್ ತನ್ನಿ. ಸೊಂಟ ತೀರಾ ಮಡಚದಷ್ಟು ಎತ್ತರದ, ಕೈಯೂರಲು ಹಿಡಿ ಇರುವ ಕುರ್ಚಿ ಆರಿಸಿ. ಊಟ, ಟಿವಿ, ಮಾತುಕತೆ ಅಂತ ಒಂದೇ ಸಮ ಕೂರಿಸದೆ ನಡುವೆ ಎಬ್ಬಿಸಿ ನಿಲ್ಲಿಸಿ.